ಸ್ವೀಡನ್ನಿನಲ್ಲಿ ಹಣ ಕಳುಹಿಸುವಾಗ ಖಾತೆ ಸಂಖ್ಯೆ ಬರೆಯುವುದು ಹೇಗೆ?

ಗಡಿನಾಡಿನ ಕನ್ನಡದ ಮಕ್ಕಳು ಈಗ ಹೋಗದ ದೇಶವಿಲ್ಲ. ಹಿಂದೆ ಕಾಸರಗೋಡಿನಿಂದ ಕೊಲ್ಲಿ ದೇಶಗಳಿಗೆ, ಹೊಸೂರಿನಿಂದ ಬೆಂಗಳೂರಿಗೆ ಹೋಗುತ್ತಿದ್ದವರ ಮಕ್ಕಳು ಇಂದು ಎಂಜಿನಿಯರಿಂಗ್ ಮುಗಿಸಿ ಯುರೋಪಿನ ಉತ್ತರದ ತುದಿಯನ್ನೂ ಮುಟ್ಟುತ್ತಿದ್ದಾರೆ. ಸ್ವೀಡನ್ ಅಂಥ ಒಂದು ದೇಶ. ಸ್ಟಾಕ್‌ಹೋಮ್‌ನಲ್ಲಿ ಎರಿಕ್ಸನ್, ಗೋಥೆನ್‌ಬರ್ಗ್‌ನಲ್ಲಿ ವೋಲ್ವೊ ಇವೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ವೋಲ್ವೊ ಕಂಪನಿಯ ಬಸ್ಸು, ಟ್ರಕ್ಕುಗಳು ತಯಾರಾಗುವುದನ್ನು ಬಲ್ಲವರಿಗೆ ಈ ನಂಟು ಹೊಸದೇನಲ್ಲ.

ಹೋದವರಿಗೆ ಮೊದಲ ತಿಂಗಳು ಚಳಿಗಿಂತ ಹೆಚ್ಚು ಕಾಡುವುದು ಕಾಗದಪತ್ರ. ಅದರಲ್ಲೂ ಬ್ಯಾಂಕಿನದು. ಬದಿಯಡ್ಕ ಕಡೆಯ ಒಬ್ಬ ತರುಣ ಗೋಥೆನ್‌ಬರ್ಗ್‌ನಲ್ಲಿ ಕೆಲಸಕ್ಕೆ ಸೇರಿದ ಎಂದು ಇಟ್ಟುಕೊಳ್ಳೋಣ. ಸಂಬಳ ಹಾಕಲು ಕಂಪನಿಯವರು ಅವನ ಖಾತೆ ವಿವರ ಕೇಳುತ್ತಾರೆ. ಮನೆ ಮಾಲೀಕರು ಬಾಡಿಗೆಯ ಬಿಲ್ಲು ಕಳುಹಿಸುತ್ತಾರೆ. ಕಂಪನಿಯ ಫಾರಂನಲ್ಲಿ ಎರಡು ಚೌಕಗಳಿವೆ, ಬ್ಯಾಂಕಿನ ಕಾಗದದಲ್ಲಿ ಮೂರು ಬಗೆಯ ಸಂಖ್ಯೆಗಳಿವೆ, ಬಾಡಿಗೆ ಬಿಲ್ಲಿನಲ್ಲಿ ಖಾತೆ ಸಂಖ್ಯೆಯೇ ಇಲ್ಲ. ನಡುವೆ ಅಡ್ಡಗೆರೆ ಇರುವ ಬೇರೊಂದು ಸಂಖ್ಯೆ ಇದೆ. ಯಾವುದನ್ನು ಎಲ್ಲಿ ಬರೆಯಬೇಕು? ಒಂದು ಅಂಕಿ ಆಚೀಚೆಯಾದರೆ ಸಂಬಳ ತಡವಾಗುತ್ತದೆ, ಇಲ್ಲವೇ ಬಾಡಿಗೆ ಬಾಕಿ ಉಳಿಯುತ್ತದೆ. ಸ್ವೀಡನ್ನಿನಲ್ಲಿ ಬಾಕಿ ಉಳಿಸಿಕೊಂಡವರ ಪಟ್ಟಿಗೆ ಹೆಸರು ಸೇರುವುದು ಸಣ್ಣ ವಿಷಯವಲ್ಲ. ಆದ್ದರಿಂದ ಅಲ್ಲಿಯ ಕ್ರಮವನ್ನು ಒಂದೊಂದಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಐಎಫ್‌ಎಸ್‌ಸಿ ಬದಲು ಕ್ಲಿಯರಿಂಗ್ ಸಂಖ್ಯೆ

ನಮ್ಮಲ್ಲಿ ಎನ್‌ಇಎಫ್‌ಟಿ ಮೂಲಕ ಹಣ ಕಳುಹಿಸಲು ಎರಡು ವಿವರ ಬೇಕು. ಒಂದು ಖಾತೆ ಸಂಖ್ಯೆ, ಇನ್ನೊಂದು 11 ಅಕ್ಷರ-ಅಂಕಿಗಳ ಐಎಫ್‌ಎಸ್‌ಸಿ. ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಬ್ಯಾಂಕನ್ನೂ, ಕೊನೆಯ ಆರು ಸ್ಥಾನಗಳು ಶಾಖೆಯನ್ನೂ ಹೇಳುತ್ತವೆ.

ಸ್ವೀಡನ್ನಿನಲ್ಲಿ ಈ ಕೆಲಸ ಮಾಡುವುದು ಕ್ಲಿಯರಿಂಗ್ ಸಂಖ್ಯೆ. ಅದರಲ್ಲಿ ಅಕ್ಷರಗಳಿಲ್ಲ, ಇರುವುದು ಕೇವಲ ನಾಲ್ಕು ಅಂಕಿ. ಅದು ಖಾತೆ ಯಾವ ಬ್ಯಾಂಕಿನದೆಂದು, ಹಲವು ಸಲ ಯಾವ ಶಾಖೆಯದೆಂದೂ ತಿಳಿಸುತ್ತದೆ. ದೇಶದೊಳಗೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಣ ಹೋಗಬೇಕಾದರೆ ಕ್ಲಿಯರಿಂಗ್ ಸಂಖ್ಯೆ ಮತ್ತು ಖಾತೆ ಸಂಖ್ಯೆ ಎರಡೂ ಬೇಕು. ಕ್ಲಿಯರಿಂಗ್ ಸಂಖ್ಯೆ ಮೊದಲು, ಖಾತೆ ಸಂಖ್ಯೆ ಆಮೇಲೆ. ಕೆಲವು ಬ್ಯಾಂಕುಗಳು ಎರಡನ್ನೂ ಸೇರಿಸಿ ಒಂದೇ ಸಾಲಾಗಿ ಬರೆದರೆ, ಕೆಲವು ನಡುವೆ ಅಡ್ಡಗೆರೆ ಅಥವಾ ಅಲ್ಪವಿರಾಮ ಹಾಕುತ್ತವೆ. ಗೊಂದಲ ಶುರುವಾಗುವುದೇ ಇಲ್ಲಿ. ಒಂದೇ ಸಾಲಿನ ಸಂಖ್ಯೆಯಲ್ಲಿ ಕ್ಲಿಯರಿಂಗ್ ಎಲ್ಲಿ ಮುಗಿಯಿತು, ಖಾತೆ ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ಕಾಣುವುದಿಲ್ಲ.

ಮೊದಲ ಅಂಕಿ ನೋಡಿದರೆ ಬ್ಯಾಂಕು ಯಾವುದೆಂದು ಸಾಮಾನ್ಯವಾಗಿ ಊಹಿಸಬಹುದು. 5ರಿಂದ ಶುರುವಾದರೆ ಎಸ್‌ಇಬಿ, 6 ಆದರೆ ಹಾಂಡೆಲ್ಸ್‌ಬ್ಯಾಂಕೆನ್, 7 ಅಥವಾ 8 ಆದರೆ ಸ್ವೀಡ್‌ಬ್ಯಾಂಕ್ ಮತ್ತು ಅದರೊಂದಿಗೆ ಸೇರಿ ನಡೆಯುವ ಉಳಿತಾಯ ಬ್ಯಾಂಕುಗಳು. 1, 3 ಮತ್ತು 4ರ ಹೆಚ್ಚಿನ ಸಂಖ್ಯೆಗಳು ನಾರ್ಡಿಯಾ ಬ್ಯಾಂಕಿನವು. ಆದರೆ 1200ರಿಂದ 1399ರವರೆಗಿನವು ಡಾನ್ಸ್ಕೆ ಬ್ಯಾಂಕಿನವು. 9ರಿಂದ ಶುರುವಾಗುವ ಸಂಖ್ಯೆಗಳನ್ನು ಹಲವು ಸಣ್ಣ ಮತ್ತು ಹೊಸ ಬ್ಯಾಂಕುಗಳಿಗೆ ಹಂಚಲಾಗಿದೆ. ಇದು ಗುರುತು ಹಿಡಿಯಲು ಒಂದು ದಾರಿ ಮಾತ್ರ. ಬರೆಯುವಾಗ ಬ್ಯಾಂಕು ಕೊಟ್ಟ ಕಾಗದವನ್ನೇ ನೋಡಿ ಬರೆಯಬೇಕು.

ಎರಡು ಬಗೆಯ ಖಾತೆ ಸಂಖ್ಯೆಗಳು

ನಮ್ಮಲ್ಲಿ ಒಂದೊಂದು ಬ್ಯಾಂಕಿನ ಖಾತೆ ಸಂಖ್ಯೆ ಒಂದೊಂದು ಉದ್ದ ಇರುವಂತೆ ಅಲ್ಲಿಯೂ ಉದ್ದ ಒಂದೇ ಇಲ್ಲ. ಆದರೆ ಎಲ್ಲ ಖಾತೆಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ.

ಮೊದಲನೆಯ ಬಗೆಯಲ್ಲಿ ನಾಲ್ಕು ಅಂಕಿಯ ಕ್ಲಿಯರಿಂಗ್ ಸಂಖ್ಯೆ ಮತ್ತು ಏಳು ಅಂಕಿಯ ಖಾತೆ ಸಂಖ್ಯೆ ಸೇರಿ ಒಟ್ಟು 11 ಅಂಕಿ. ಎಸ್‌ಇಬಿ, ನಾರ್ಡಿಯಾದ ಸಾಮಾನ್ಯ ಖಾತೆಗಳು, 7ರಿಂದ ಶುರುವಾಗುವ ಸ್ವೀಡ್‌ಬ್ಯಾಂಕ್ ಖಾತೆಗಳು ಈ ಬಗೆಯವು. ಉದಾಹರಣೆಗೆ 58398257466 ಎಂದು ಒಂದೇ ಸಾಲಿನಲ್ಲಿ ಇದ್ದರೆ ಮೊದಲ ನಾಲ್ಕು ಅಂಕಿ 5839 ಕ್ಲಿಯರಿಂಗ್, ಉಳಿದ 8257466 ಖಾತೆ ಸಂಖ್ಯೆ. ಎರಡು ಚೌಕ ಇರುವ ಫಾರಂನಲ್ಲಿ ಹೀಗೆ ಬಿಡಿಸಿ ಬರೆಯಬೇಕು, ಒಂದೇ ಚೌಕ ಇದ್ದರೆ ಕೂಡಿಸಿ ಬರೆಯಬೇಕು.

ಎರಡನೆಯ ಬಗೆಯಲ್ಲಿ ಖಾತೆ ಸಂಖ್ಯೆ ಹತ್ತು ಅಂಕಿಯವರೆಗೂ ಇರುತ್ತದೆ ಮತ್ತು ಕ್ಲಿಯರಿಂಗ್ ಸಂಖ್ಯೆ ಅದರ ಭಾಗವಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ ಆದ್ದರಿಂದ ಮೂರು ಬ್ಯಾಂಕುಗಳ ಕ್ರಮವನ್ನು ಬೇರೆ ಬೇರೆಯಾಗಿ ನೋಡಬೇಕು.

ಹಾಂಡೆಲ್ಸ್‌ಬ್ಯಾಂಕೆನ್: ಇಲ್ಲಿ ಖಾತೆ ಸಂಖ್ಯೆ ಒಂಬತ್ತು ಅಂಕಿ. ಕ್ಲಿಯರಿಂಗ್ ಸಂಖ್ಯೆ 6ರಿಂದ ಶುರುವಾಗುವ ನಾಲ್ಕು ಅಂಕಿ. ಗ್ರಾಹಕರು ತಮ್ಮ ಕಾಗದದಲ್ಲಿ ಒಂಬತ್ತು ಅಂಕಿಯನ್ನಷ್ಟೇ ನೋಡಿ ಅದರ ಮೊದಲ ನಾಲ್ಕನ್ನು ಕ್ಲಿಯರಿಂಗ್ ಎಂದು ಕತ್ತರಿಸಿ ಬರೆಯುವುದುಂಟು. ಅದು ತಪ್ಪು. ಒಂಬತ್ತೂ ಅಂಕಿ ಖಾತೆಯದೇ. ಕ್ಲಿಯರಿಂಗ್ ಸಂಖ್ಯೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ನಾರ್ಡಿಯಾದ ವೈಯಕ್ತಿಕ ಖಾತೆ: ಇದರ ಕ್ರಮ ನಮ್ಮವರಿಗೆ ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಖಾತೆದಾರರ ವೈಯಕ್ತಿಕ ಗುರುತು ಸಂಖ್ಯೆಯೇ ಖಾತೆ ಸಂಖ್ಯೆ. ಸ್ವೀಡನ್ನಿನಲ್ಲಿ 1947ರಿಂದ ಪ್ರತಿ ನಿವಾಸಿಗೂ ಇಂಥದೊಂದು ಸಂಖ್ಯೆ ಕೊಡಲಾಗುತ್ತಿದೆ. ಅದರಲ್ಲಿ ಹುಟ್ಟಿದ ವರ್ಷದ ಎರಡು ಅಂಕಿ, ತಿಂಗಳು, ದಿನ, ಆಮೇಲೆ ನಾಲ್ಕು ಅಂಕಿ ಇರುತ್ತವೆ. 1981ರ ಡಿಸೆಂಬರ್ 18ರಂದು ಹುಟ್ಟಿದವರ ಸಂಖ್ಯೆ ವಿವರಣೆಗಾಗಿ 811218-9876 ಎಂದು ಇಟ್ಟುಕೊಂಡರೆ, ಅವರ ಕ್ಲಿಯರಿಂಗ್ ಸಂಖ್ಯೆ 3300, ಖಾತೆ ಸಂಖ್ಯೆ 8112189876. ಎರಡು ಎಚ್ಚರ ಬೇಕು. ನಡುವಿನ ಅಡ್ಡಗೆರೆಯನ್ನು ಬಿಡಬೇಕು. ಇತರ ಸರ್ಕಾರಿ ಫಾರಂಗಳಲ್ಲಿ ಬರೆಯುವಂತೆ ಮುಂದೆ 19 ಎಂದು ಶತಮಾನವನ್ನು ಸೇರಿಸಬಾರದು. ಸೇರಿಸಿದರೆ ಹತ್ತು ಅಂಕಿ ಹನ್ನೆರಡಾಗುತ್ತದೆ.

8ರಿಂದ ಶುರುವಾಗುವ ಸ್ವೀಡ್‌ಬ್ಯಾಂಕ್ ಖಾತೆ: ಇದು ಎಲ್ಲಕ್ಕಿಂತ ಜಟಿಲ. ಇಲ್ಲಿ ಕ್ಲಿಯರಿಂಗ್ ಸಂಖ್ಯೆಯನ್ನು ನಾಲ್ಕಲ್ಲ, ಐದು ಅಂಕಿಯಾಗಿ ಬರೆದಿರುತ್ತಾರೆ, 8327-9 ಎಂಬಂತೆ. ಅಡ್ಡಗೆರೆಯ ಆಚೆಗಿನ ಐದನೆಯ ಅಂಕಿ ಮೊದಲ ನಾಲ್ಕನ್ನು ಸರಿನೋಡುವ ತಪಾಸಣಾ ಅಂಕಿ. ಕೆಲವು ಬ್ಯಾಂಕುಗಳ ಫಾರಂಗಳು ಐದನ್ನೂ ತೆಗೆದುಕೊಳ್ಳುತ್ತವೆ, ಕೆಲವು ನಾಲ್ಕನ್ನು ಮಾತ್ರ. ನಾಲ್ಕೇ ಜಾಗ ಇದ್ದಲ್ಲಿ ಐದನೆಯದನ್ನು ಬಿಟ್ಟುಬಿಡಬೇಕು, ಅದನ್ನು ಖಾತೆ ಸಂಖ್ಯೆಯ ತಲೆಗೆ ಅಂಟಿಸಬಾರದು.

ಇದೇ ಬ್ಯಾಂಕಿನ ಇನ್ನೊಂದು ತೊಡಕು ಸೊನ್ನೆಯದು. ಖಾತೆ ಸಂಖ್ಯೆ ಹತ್ತು ಅಂಕಿಗಿಂತ ಕಡಿಮೆ ಇರಬಹುದು. ಆಗ ಹತ್ತು ತುಂಬುವಷ್ಟು ಸೊನ್ನೆಗಳನ್ನು ಖಾತೆ ಸಂಖ್ಯೆಯ ಎಡಕ್ಕೆ, ಅಂದರೆ ಕ್ಲಿಯರಿಂಗ್ ಮತ್ತು ಖಾತೆಯ ನಡುವೆ ಸೇರಿಸಬೇಕು. ಕಲ್ಪಿತ ಉದಾಹರಣೆ: ಕ್ಲಿಯರಿಂಗ್ 8327-9, ಖಾತೆ 123 456 782. ಖಾತೆಯಲ್ಲಿ ಒಂಬತ್ತೇ ಅಂಕಿ ಇರುವುದರಿಂದ ಒಂದು ಸೊನ್ನೆ ಸೇರಿಸಿದರೆ 0123456782. ಎಲ್ಲ ಕೂಡಿಸಿ ಬರೆಯುವಾಗ 8327 0123456782. ಕೊನೆಯಲ್ಲಿ ಸೊನ್ನೆ ಸೇರಿಸಿ 1234567820 ಎಂದು ಬರೆದರೆ ಅದು ಬೇರೆಯೇ ಸಂಖ್ಯೆ. ಇನ್ನು ಖಾತೆ ವಿವರಗಳನ್ನು ಎಕ್ಸೆಲ್ ಹಾಳೆಯಲ್ಲಿ ತುಂಬುವವರು ನೆನಪಿಡಬೇಕಾದ ಮಾತೊಂದಿದೆ. ಕಂಪ್ಯೂಟರು ಇದನ್ನು ಮೊತ್ತ ಎಂದು ತಿಳಿದು ಎಡಗಡೆಯ ಸೊನ್ನೆಯನ್ನು ತಾನೇ ಅಳಿಸಿಬಿಡುತ್ತದೆ. ಆ ಕಾಲಂ ಅನ್ನು ಮೊದಲೇ ಪಠ್ಯ ಎಂದು ಗುರುತಿಸಿಡಬೇಕು.

ಕೊನೆಯ ಅಂಕಿಯ ಕಾವಲು

ಇಷ್ಟೆಲ್ಲ ಅಂಕಿಗಳ ನಡುವೆ ತಪ್ಪು ಹಿಡಿಯುವ ಕಾವಲುಗಾರನೊಬ್ಬ ಇದ್ದಾನೆ. ಅವನೇ ಕೊನೆಯ ಅಂಕಿ. ಹಿಂದಿನ ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದನ್ನೇ ಕೊನೆಯಲ್ಲಿ ಇಟ್ಟಿರುತ್ತಾರೆ. ಬರೆದದ್ದರಲ್ಲಿ ತಪ್ಪಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ, ಬ್ಯಾಂಕಿನ ಕಂಪ್ಯೂಟರು ಸಂಖ್ಯೆಯನ್ನು ಒಪ್ಪುವುದಿಲ್ಲ.

ಸ್ವೀಡನ್ನಿನಲ್ಲಿ ಇದಕ್ಕೆ ಎರಡು ಲೆಕ್ಕಗಳಿವೆ. ಮೊದಲನೆಯದು ಹತ್ತರ ಲೆಕ್ಕ. ಐಬಿಎಂ ಕಂಪನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ರೂಪಿಸಿದ ಕ್ರಮ ಇದು. 1960ರಲ್ಲಿ ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಜೇಬಿನ ಎಟಿಎಂ ಕಾರ್ಡಿನ ಸಂಖ್ಯೆಯಲ್ಲೂ ಇದೇ ಲೆಕ್ಕ ಇದೆ. ಬಲಗಡೆಯಿಂದ ಎಣಿಸುತ್ತಾ ಎರಡನೆಯ, ನಾಲ್ಕನೆಯ, ಆರನೆಯ ಹೀಗೆ ಸಮಸ್ಥಾನದ ಅಂಕಿಗಳನ್ನು ಎರಡರಿಂದ ಗುಣಿಸಬೇಕು. ಗುಣಲಬ್ಧ ಎರಡಂಕಿಯಾದರೆ ಆ ಎರಡನ್ನೂ ಕೂಡಬೇಕು. ಆಮೇಲೆ ಎಲ್ಲವನ್ನೂ ಕೂಡಿದರೆ ಬರುವ ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾಗಬೇಕು.

991-2346 ಎಂಬ ಸಂಖ್ಯೆಯನ್ನು ನೋಡೋಣ. ಬಲದಿಂದ 6 ಹಾಗೆಯೇ, 4 ಎರಡರಷ್ಟಾಗಿ 8, 3 ಹಾಗೆಯೇ, 2 ಎರಡರಷ್ಟಾಗಿ 4, 1 ಹಾಗೆಯೇ, 9 ಎರಡರಷ್ಟಾಗಿ 18, ಅದರ ಅಂಕಿಗಳನ್ನು ಕೂಡಿದರೆ 9, ಕೊನೆಗೆ 9 ಹಾಗೆಯೇ. ಒಟ್ಟು 40. ಸರಿಯಾಯಿತು. ಅವಸರದಲ್ಲಿ 3 ಮತ್ತು 4 ಅದಲುಬದಲಾಗಿ 991-2436 ಎಂದು ಬರೆದರೆ ಮೊತ್ತ 39 ಬರುತ್ತದೆ. ತಪ್ಪು ಸಿಕ್ಕಿಬಿತ್ತು.

ಎರಡನೆಯದು ಹನ್ನೊಂದರ ಲೆಕ್ಕ. ಇಲ್ಲಿ ಪ್ರತಿ ಸ್ಥಾನಕ್ಕೂ ಬೇರೆ ತೂಕ. ಮೇಲೆ ಹೇಳಿದ 5839 8257466 ಸಂಖ್ಯೆಯ ಮೊದಲ 5 ಬಿಟ್ಟು ಉಳಿದ ಹತ್ತು ಅಂಕಿಗಳನ್ನು ಎಡದಿಂದ ಕ್ರಮವಾಗಿ 10, 9, 8 ಹೀಗೆ 1ರವರೆಗೆ ಗುಣಿಸಿ ಕೂಡಿದರೆ 330 ಬರುತ್ತದೆ. ಅದು 11ರ 30 ಪಟ್ಟು. ಈ ಲೆಕ್ಕದಲ್ಲಿ ಕ್ಲಿಯರಿಂಗ್ ಸಂಖ್ಯೆಯ ಅಂಕಿಗಳೂ ಸೇರಿರುವುದನ್ನು ಗಮನಿಸಬೇಕು. ಆದ್ದರಿಂದ ಮೊದಲನೆಯ ಬಗೆಯ ಖಾತೆಗಳಲ್ಲಿ ಕ್ಲಿಯರಿಂಗ್ ಬರೆಯುವಾಗ ಆದ ಕೈತಪ್ಪು ಕೂಡ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಎರಡನೆಯ ಬಗೆಯಲ್ಲಿ ತಪಾಸಣೆ ಖಾತೆ ಸಂಖ್ಯೆಗೆ ಮಾತ್ರ. ಅಲ್ಲಿ ಕ್ಲಿಯರಿಂಗ್ ತಪ್ಪಾದರೆ ಕೊನೆಯ ಅಂಕಿ ಏನೂ ಹೇಳುವುದಿಲ್ಲ.

ಸ್ವೀಡ್‌ಬ್ಯಾಂಕಿನ ಕಲ್ಪಿತ ಖಾತೆಗೇ ಮರಳಿದರೆ, ಐದನೆಯ ಅಂಕಿ 9ನ್ನು ಖಾತೆಯ ತಲೆಗೆ ಅಂಟಿಸಿದರೆ 9123456782 ಆಗುತ್ತದೆ. ಅಂಕಿಗಳೇನೋ ಹತ್ತೇ ಇವೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಹತ್ತರ ಲೆಕ್ಕ ಮಾಡಿದರೆ ಸರಿಯಾದದ್ದಕ್ಕೆ 40, ಇದಕ್ಕೆ 49. ಕಂಪ್ಯೂಟರು ತಡೆಯುತ್ತದೆ.

ಆದರೆ ಕಾವಲುಗಾರನ ಮಿತಿಯನ್ನೂ ತಿಳಿದಿರಬೇಕು. ಸಂಖ್ಯೆ ಕ್ರಮಬದ್ಧವಾಗಿದೆಯೇ ಎಂಬುದನ್ನಷ್ಟೇ ಅವನು ನೋಡುತ್ತಾನೆ. ಅದು ಯಾರದೆಂದು ನೋಡುವುದಿಲ್ಲ. ಪಕ್ಕಪಕ್ಕದ 0 ಮತ್ತು 9 ಅದಲುಬದಲಾದರೆ ಹತ್ತರ ಲೆಕ್ಕಕ್ಕೆ ಅದು ತಿಳಿಯುವುದೇ ಇಲ್ಲ. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದರೂ ಅಷ್ಟೆ. ಹಳೆಯ ಬಾಡಿಗೆದಾರರ ಮಾಲೀಕರ ಖಾತೆ ಸಂಖ್ಯೆಯನ್ನು ಸರಿಯಾಗಿ ಬರೆದರೆ ಹಣ ಸರಿಯಾಗಿ ಅವರಿಗೇ ಹೋಗುತ್ತದೆ!

ಬಿಲ್ಲಿನ ಮೇಲಿನ ಗಿರೊ ಸಂಖ್ಯೆ

ಬಾಡಿಗೆ, ವಿದ್ಯುತ್, ಫೋನ್, ವಿಮೆ ಮುಂತಾದ ಬಿಲ್ಲುಗಳಲ್ಲಿ ಖಾತೆ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಅದರ ಬದಲು ಬ್ಯಾಂಕ್‌ಗಿರೊ ಸಂಖ್ಯೆ ಇರುತ್ತದೆ. 1959ರಲ್ಲಿ ಬ್ಯಾಂಕುಗಳು ಒಟ್ಟಾಗಿ ಶುರುಮಾಡಿದ ವ್ಯವಸ್ಥೆ ಇದು. ಗಿರೊ ಸಂಖ್ಯೆ ಒಂದು ವಿಳಾಸದ ಹಾಗೆ. ಅದರ ಹಿಂದೆ ಯಾವುದೋ ಬ್ಯಾಂಕಿನ ಖಾತೆ ಇರುತ್ತದೆ. ಸಂಸ್ಥೆ ನಾಳೆ ಬ್ಯಾಂಕು ಬದಲಾಯಿಸಿದರೂ ಗಿರೊ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಗ್ರಾಹಕರಿಗೆ ಹೊಸ ಸಂಖ್ಯೆ ತಿಳಿಸುತ್ತಾ ಕೂರಬೇಕಾಗಿಲ್ಲ.

ಬ್ಯಾಂಕ್‌ಗಿರೊ ಸಂಖ್ಯೆಯಲ್ಲಿ ಏಳು ಅಥವಾ ಎಂಟು ಅಂಕಿ. ಕೊನೆಯ ನಾಲ್ಕು ಅಂಕಿಗೆ ಮುಂಚೆ ಅಡ್ಡಗೆರೆ: 991-2346 ಎಂಬಂತೆ ಮೂರು-ನಾಲ್ಕು, ಇಲ್ಲವೇ ನಾಲ್ಕು-ನಾಲ್ಕು. ಇದಕ್ಕೆ ಕ್ಲಿಯರಿಂಗ್ ಸಂಖ್ಯೆ ಬೇಡ.

ಇದಕ್ಕಿಂತ ಹಳೆಯದು ಅಂಚೆ ಇಲಾಖೆಯ ಗಿರೊ. ಅದು 1925ರಲ್ಲಿ ಶುರುವಾಯಿತು. ನಮ್ಮ ಹಳ್ಳಿಗಳಲ್ಲಿ ಮನಿಯಾರ್ಡರ್ ಮಾಡಿದ ಕೆಲಸವನ್ನು ಅಲ್ಲಿ ದಶಕಗಳ ಕಾಲ ಅದು ಮಾಡಿತು. 2001ರಲ್ಲಿ ಅದು ನಾರ್ಡಿಯಾ ಬ್ಯಾಂಕಿನ ಕೈಸೇರಿ, ಮುಂದೆ ಪ್ಲಸ್‌ಗಿರೊ ಎಂಬ ಹೆಸರು ಪಡೆಯಿತು. ಪ್ಲಸ್‌ಗಿರೊ ಸಂಖ್ಯೆ ಎರಡರಿಂದ ಎಂಟು ಅಂಕಿಯದು. ಅದರಲ್ಲಿ ಅಡ್ಡಗೆರೆ ಬರುವುದು ಕೊನೆಯ ಒಂದೇ ಅಂಕಿಗೆ ಮುಂಚೆ. ಹೀಗಾಗಿ ಅಡ್ಡಗೆರೆ ಎಲ್ಲಿದೆ ಎಂದು ನೋಡಿದರೆ ಯಾವ ಗಿರೊ ಎಂದು ತಿಳಿಯುತ್ತದೆ. ಬ್ಯಾಂಕಿನ ಪುಟದಲ್ಲಿ ಎರಡಕ್ಕೂ ಬೇರೆ ಆಯ್ಕೆ ಇದ್ದರೆ ತಪ್ಪದೆ ಸರಿಯಾದುದನ್ನೇ ಆರಿಸಬೇಕು. ಹಳೆಯ ಬಿಲ್ಲಿನಲ್ಲಿದ್ದ ಸಂಖ್ಯೆಯನ್ನು ನಂಬಿ ಕೂರದೆ ಪ್ರತಿ ಸಲವೂ ಹೊಸ ಬಿಲ್ಲನ್ನು ನೋಡುವುದು ಲೇಸು.

90ರಿಂದ ಶುರುವಾಗುವ ಗಿರೊ ಸಂಖ್ಯೆಗಳಿಗೆ ಒಂದು ವಿಶೇಷವಿದೆ. ಅವು ದಾನ ಸಂಗ್ರಹಿಸುವ ಸಂಸ್ಥೆಗಳಿಗೆ ಮೀಸಲು. ಅಂಥ ಸಂಸ್ಥೆಗಳ ಲೆಕ್ಕಪತ್ರವನ್ನು ಪ್ರತ್ಯೇಕ ಮೇಲ್ವಿಚಾರಣಾ ಸಂಸ್ಥೆಯೊಂದು ಪರಿಶೀಲಿಸುತ್ತದೆ. ಸಂತ್ರಸ್ತರ ಹೆಸರಿನಲ್ಲಿ ದುಡ್ಡು ಕೇಳಿದವರ ಸಂಖ್ಯೆ 90ರದ್ದೇ ಎಂದು ನೋಡಿ ಕೊಡುವ ಅಭ್ಯಾಸ ಅಲ್ಲಿಯವರಿಗಿದೆ.

ಒಸಿಆರ್ ಸಂಖ್ಯೆ ಮರೆತರೆ

ಗಿರೊ ಸಂಖ್ಯೆ ಹಣವನ್ನು ಸಂಸ್ಥೆಯ ಬಾಗಿಲಿಗೆ ಮುಟ್ಟಿಸುತ್ತದೆ. ಒಳಗೆ ಅದು ಯಾರ ಲೆಕ್ಕಕ್ಕೆ ಜಮೆಯಾಗಬೇಕೆಂದು ಹೇಳುವುದು ಒಸಿಆರ್ ಸಂಖ್ಯೆ. ಬಿಲ್ಲಿನಲ್ಲಿ ಅಚ್ಚಾಗಿರುವ ಈ ಉದ್ದನೆಯ ಸಂಖ್ಯೆಯಲ್ಲಿ ಗ್ರಾಹಕರ ಅಥವಾ ಬಿಲ್ಲಿನ ಗುರುತು ಅಡಗಿರುತ್ತದೆ. ಇದರ ಕೊನೆಯ ಅಂಕಿಯೂ ಹತ್ತರ ಲೆಕ್ಕದ ತಪಾಸಣಾ ಅಂಕಿಯೇ.

ನಮ್ಮವರು ಇಲ್ಲಿ ಮಾಡುವ ಸಹಜ ತಪ್ಪು, ಒಸಿಆರ್ ಬರೆಯಬೇಕಾದಲ್ಲಿ ತಮ್ಮ ಹೆಸರನ್ನೋ ‘ಮಾರ್ಚ್ ಬಾಡಿಗೆ’ ಎಂದೋ ಬರೆಯುವುದು. ಸಾವಿರಾರು ಜನರಿಂದ ಹಣ ಪಡೆಯುವ ಸಂಸ್ಥೆಯಲ್ಲಿ ಅದನ್ನು ಓದುವುದು ಮನುಷ್ಯರಲ್ಲ, ಯಂತ್ರ. ಯಂತ್ರಕ್ಕೆ ಅಂಕಿ ಬೇಕು. ಒಸಿಆರ್ ಕೊಟ್ಟಿದ್ದರೆ ಅದನ್ನು ಮಾತ್ರ, ಜಾಗ ಬಿಡದೆ ಬರೆಯಬೇಕು. ಒಸಿಆರ್ ಇಲ್ಲದ ಬಿಲ್ಲಾದರೆ ಸಂದೇಶದ ಜಾಗದಲ್ಲಿ ಬಿಲ್ಲಿನ ಸಂಖ್ಯೆ ಮತ್ತು ಹೆಸರು ಬರೆಯಬಹುದು. ಕಳೆದ ತಿಂಗಳ ಪಾವತಿಯನ್ನು ನಕಲು ಮಾಡಿ ಕಳುಹಿಸುವವರು ಹಳೆಯ ಒಸಿಆರ್ ಉಳಿದುಕೊಂಡಿದೆಯೇ ಎಂದು ನೋಡಬೇಕು. ಹಲವು ಸಂಸ್ಥೆಗಳಲ್ಲಿ ಅದು ಪ್ರತಿ ಬಿಲ್ಲಿಗೂ ಬದಲಾಗುತ್ತದೆ.

ಊರಿನಿಂದ ಹಣ ಕಳುಹಿಸುವಾಗ

ಮೇಲೆ ಹೇಳಿದ್ದೆಲ್ಲ ಸ್ವೀಡನ್ನಿನ ಒಳಗಿನ ಪಾವತಿಗೆ. ಮಗನ ಅಥವಾ ಮಗಳ ಖರ್ಚಿಗೆಂದು ಊರಿನಿಂದ ಅಪ್ಪ ಅಮ್ಮ ಹಣ ಕಳುಹಿಸುವಾಗ ಬೇಕಾಗುವುದು ಐಬ್ಯಾನ್ ಮತ್ತು ಬ್ಯಾಂಕಿನ ಸ್ವಿಫ್ಟ್ ಸಂಕೇತ. ಸ್ವೀಡನ್ನಿನ ಐಬ್ಯಾನ್ ಒಟ್ಟು 24 ಸ್ಥಾನಗಳದ್ದು. ಮೊದಲಿಗೆ ದೇಶದ ಗುರುತಾಗಿ ಎಸ್‌ಇ ಎಂಬ ಎರಡು ಅಕ್ಷರ, ಆಮೇಲೆ ಎರಡು ತಪಾಸಣಾ ಅಂಕಿ, ಮೂರು ಅಂಕಿಯ ಬ್ಯಾಂಕ್ ಸಂಕೇತ, ಉಳಿದ 17 ಅಂಕಿ ಖಾತೆಯದ್ದು. ಖಾತೆ ಚಿಕ್ಕದಾದರೆ ಎಡಗಡೆ ಸೊನ್ನೆ ತುಂಬಿರುತ್ತದೆ.

ಮೇಲಿನ 5839 8257466 ಖಾತೆ ಐಬ್ಯಾನ್ ಆದಾಗ ಎಸ್‌ಇ45 5000 0000 0583 9825 7466 ಎಂದಾಗುತ್ತದೆ. ಇದರಲ್ಲಿ 500 ಎಂಬುದು ಎಸ್‌ಇಬಿಯ ಸಂಕೇತ. ಕೊನೆಯ 11 ಅಂಕಿಗಳಲ್ಲಿ ಕ್ಲಿಯರಿಂಗ್ ಮತ್ತು ಖಾತೆ ಎರಡೂ ಕಾಣುತ್ತವೆ. ಇದನ್ನು ನೋಡಿ ಎಲ್ಲ ಬ್ಯಾಂಕಿನದ್ದೂ ಹೀಗೆಯೇ ಎಂದು ತಿಳಿಯಬಾರದು. ಹಾಂಡೆಲ್ಸ್‌ಬ್ಯಾಂಕೆನ್‌ನ ಐಬ್ಯಾನ್‌ನಲ್ಲಿ ಕ್ಲಿಯರಿಂಗ್ ಸಂಖ್ಯೆ ಇರುವುದಿಲ್ಲ. ನಾರ್ಡಿಯಾದ ವೈಯಕ್ತಿಕ ಖಾತೆಯಲ್ಲಿ 3300 ಸೇರುವುದಿಲ್ಲ. ಆದ್ದರಿಂದ ಖಾತೆ ಸಂಖ್ಯೆಯಿಂದ ಐಬ್ಯಾನ್ ಅನ್ನು, ಐಬ್ಯಾನ್‌ನಿಂದ ಖಾತೆ ಸಂಖ್ಯೆಯನ್ನು ಕೈಯಾರೆ ಮಾಡಿಕೊಳ್ಳುವ ಸಾಹಸ ಬೇಡ. ಬ್ಯಾಂಕಿನ ಪುಟದಲ್ಲಿ ಎರಡೂ ಇರುತ್ತವೆ, ಅಲ್ಲಿಂದಲೇ ತೆಗೆದುಕೊಳ್ಳಬೇಕು.

ಫೋನ್ ಸಂಖ್ಯೆಯೇ ಸಾಕು

ಸ್ನೇಹಿತರ ನಡುವಿನ ಸಣ್ಣಪುಟ್ಟ ಕೊಡುಕೊಳ್ಳುವಿಕೆಗೆ ಅಲ್ಲಿ ಈಗ ಸ್ವಿಶ್ ಇದೆ. ನಮ್ಮ ಯುಪಿಐ 2016ರಲ್ಲಿ ಬಂದರೆ, ಸ್ವಿಶ್ 2012ರ ಡಿಸೆಂಬರಿನಲ್ಲಿಯೇ ಆರು ಬ್ಯಾಂಕುಗಳಿಂದ ಶುರುವಾಯಿತು. ಮೊಬೈಲ್ ಸಂಖ್ಯೆ ಹಾಕಿದರೆ ಪಡೆಯುವವರ ಹೆಸರು ಕಾಣುತ್ತದೆ, ಒಪ್ಪಿಗೆ ಕೊಟ್ಟರೆ ಹಣ ಕೂಡಲೇ ಹೋಗುತ್ತದೆ. ಅಂಗಡಿ, ಸಂಘಸಂಸ್ಥೆಗಳ ಸ್ವಿಶ್ ಸಂಖ್ಯೆ 123ರಿಂದ ಶುರುವಾಗುತ್ತದೆ. ಆದರೆ ಸ್ವಿಶ್ ಬೇಕಾದರೆ ಅಲ್ಲಿಯ ಬ್ಯಾಂಕ್ ಖಾತೆ ಮತ್ತು ಬ್ಯಾಂಕ್‌ಐಡಿ ಎಂಬ ವಿದ್ಯುನ್ಮಾನ ಗುರುತು ಬೇಕು. ಅದಕ್ಕೆ ವೈಯಕ್ತಿಕ ಗುರುತು ಸಂಖ್ಯೆ ಬೇಕು. ಹೊಸದಾಗಿ ಹೋದವರಿಗೆ ಇವೆಲ್ಲ ಒಂದೇ ದಿನದಲ್ಲಿ ಆಗುವುದಿಲ್ಲವಾದ್ದರಿಂದ ಮೊದಲ ಬಾಡಿಗೆಯ ವ್ಯವಸ್ಥೆಯನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಮೊತ್ತ ಮತ್ತು ದಿನಾಂಕ

ಸಂಖ್ಯೆ ಸರಿಯಿದ್ದು ಮೊತ್ತ ತಪ್ಪಾದರೂ ಕೆಲಸ ಕೆಟ್ಟಂತೆ. ಸ್ವೀಡನ್ನಿನಲ್ಲಿ ದಶಮಾಂಶಕ್ಕೆ ಬಿಂದುವಲ್ಲ, ಅಲ್ಪವಿರಾಮ. ಸಾವಿರದ ಜಾಗದಲ್ಲಿ ಅಲ್ಪವಿರಾಮವಲ್ಲ, ಖಾಲಿ ಜಾಗ. ಎಂಟು ಸಾವಿರದ ಇನ್ನೂರೈವತ್ತು ಕ್ರೋನಾ ಐವತ್ತು ಓರೆ ಎಂಬುದನ್ನು 8 250,50 ಎಂದು ಬರೆಯುತ್ತಾರೆ. ನೂರು ಓರೆಗೆ ಒಂದು ಕ್ರೋನಾ. ಕೊನೆಯ ಓರೆ ನಾಣ್ಯವೂ 2010ರಲ್ಲಿ ಚಲಾವಣೆಯಿಂದ ಹೋಯಿತು. ಆದರೂ ಬ್ಯಾಂಕ್ ಪಾವತಿಗಳಲ್ಲಿ ಓರೆ ಲೆಕ್ಕ ಉಳಿದಿದೆ.

ದಿನಾಂಕದಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. 2026-04-03 ಎಂದರೆ ಏಪ್ರಿಲ್ ಮೂರು. ಗಡುವಿನ ದಿನ ಎಂದರೆ ಹಣ ಅವರ ಕೈಸೇರಬೇಕಾದ ದಿನವೇ ಹೊರತು ಕಳುಹಿಸುವ ದಿನವಲ್ಲ. ಶನಿವಾರ, ಭಾನುವಾರ ಮತ್ತು ರಜೆಗಳನ್ನು ಲೆಕ್ಕ ಹಾಕಿ ಒಂದೆರಡು ದಿನ ಮೊದಲೇ ಪಾವತಿ ಇಡುವುದು ಕ್ಷೇಮ. ಸಂಬಳ ಹೆಚ್ಚಿನ ಕಡೆ ತಿಂಗಳ 25ಕ್ಕೆ ಬರುವುದರಿಂದ ಅಲ್ಲಿಯವರು ತಿಂಗಳ ಬಿಲ್ಲುಗಳನ್ನು ಆ ದಿನದ ಸುತ್ತಲೇ ತೀರಿಸುತ್ತಾರೆ.

ತಪ್ಪಿದರೆ ಏನಾಗುತ್ತದೆ?

ಅಸ್ತಿತ್ವದಲ್ಲೇ ಇಲ್ಲದ ಖಾತೆಗೆ ಕಳುಹಿಸಿದ ಹಣ ಸಾಮಾನ್ಯವಾಗಿ ಹಿಂದಿರುಗುತ್ತದೆ, ಆದರೆ ಕೆಲವು ದಿನ ಕಳೆದುಹೋಗುತ್ತವೆ. ಬೇರೆಯವರ ಖಾತೆಗೆ ಹೋದರೆ ಕಷ್ಟ. ಯುರೋಪಿನ ಪಾವತಿ ಕಾನೂನಿನ ಪ್ರಕಾರ ಗ್ರಾಹಕರು ಕೊಟ್ಟ ಸಂಖ್ಯೆಯಂತೆ ಬ್ಯಾಂಕು ಹಣ ಕಳುಹಿಸಿದ್ದರೆ ನಷ್ಟದ ಹೊಣೆ ಬ್ಯಾಂಕಿನದಲ್ಲ. ಹಣ ಹಿಂಪಡೆಯಲು ಅದು ಸಾಧ್ಯವಾದ ಪ್ರಯತ್ನ ಮಾಡಬೇಕು, ಅಷ್ಟೇ. ಆದ್ದರಿಂದ ತಪ್ಪು ಗೊತ್ತಾದ ಗಳಿಗೆಯಲ್ಲೇ ತಮ್ಮ ಬ್ಯಾಂಕಿಗೆ ಫೋನ್ ಮಾಡಿ ತಿಳಿಸಬೇಕು. ದಿನಾಂಕ ಮುಂದಿಟ್ಟ ಪಾವತಿಯಾದರೆ ಹೊರಡುವ ಮುಂಚೆ ಅದನ್ನು ತಾವೇ ರದ್ದು ಮಾಡಬಹುದು.

ನಮ್ಮಲ್ಲಿಯೂ ಪರಿಸ್ಥಿತಿ ಬೇರೆಯಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ವಿದ್ಯುನ್ಮಾನ ಪಾವತಿಯಲ್ಲಿ ಖಾತೆ ಸಂಖ್ಯೆಯೊಂದನ್ನೇ ನೋಡಿ ಹಣ ಜಮೆ ಮಾಡಬಹುದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿಯೇ ಹೇಳಿತ್ತು. ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮಾಡುವ ಮುಂಚೆ ಪಡೆಯುವವರ ಹೆಸರು ನೋಡುವ ಅನುಕೂಲ ಕಲ್ಪಿಸಲು ಬ್ಯಾಂಕುಗಳಿಗೆ ಅದು 2025ರ ಏಪ್ರಿಲ್ 1ರ ಗಡುವು ಕೊಟ್ಟಿತು.

ಇತ್ತ ಬಿಲ್ಲು ಮಾತ್ರ ಕಾಯುವುದಿಲ್ಲ. ಹಣ ತಲುಪದಿದ್ದರೆ ಕೇಳಿದವರು ಮೊದಲು ನೆನಪಿನ ಪತ್ರ ಕಳುಹಿಸಿ 60 ಕ್ರೋನಾ ಸೇರಿಸಬಹುದು. ಆಮೇಲೆ ವಸೂಲಿ ಸಂಸ್ಥೆಯ ಪತ್ರ ಬಂದರೆ ಇನ್ನೂ 180 ಕ್ರೋನಾ. ಅದನ್ನೂ ಕಡೆಗಣಿಸಿದರೆ ವಿಷಯ ಕ್ರೋನೊಫೋಗ್ಡೆನ್ ಎಂಬ ಸರ್ಕಾರಿ ವಸೂಲಿ ಇಲಾಖೆಗೆ ಹೋಗುತ್ತದೆ. ಅಲ್ಲಿ ಸಾಲ ಸಾಬೀತಾದರೆ ಸಾಲ ಮಾಹಿತಿ ಸಂಸ್ಥೆಗಳ ದಾಖಲೆಯಲ್ಲಿ ಮೂರು ವರ್ಷ ಕಪ್ಪುಚುಕ್ಕೆ ಉಳಿಯುತ್ತದೆ. ಅಂಥವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ, ಫೋನಿನ ಸಂಪರ್ಕ ಸಿಗುವುದೂ ಕಷ್ಟ. ‘ನಾನು ಹಣ ಕಟ್ಟಿದ್ದೇನೆ, ಒಸಿಆರ್ ತಪ್ಪಾಯಿತು’ ಎಂದು ಹೇಳುವುದಿದ್ದರೆ ಮೊದಲ ಪತ್ರ ಬಂದಾಗಲೇ ರಸೀದಿ ಸಹಿತ ಬರೆದು ತಿಳಿಸಬೇಕು. ಭಾಷೆ ತಿಳಿಯದ ಪತ್ರವೆಂದು ಡ್ರಾಯರಿನಲ್ಲಿಡಬಾರದು.

ಬರೆಯುವ ಮಾದರಿ

ಸಂಬಳಕ್ಕಾಗಿ ಕಂಪನಿಗೆ ವಿವರ ಕೊಡುವಾಗ ನಾಲ್ಕು ಸಾಲು ಸಾಕು. ಖಾತೆದಾರರ ಹೆಸರು, ಬ್ಯಾಂಕಿನ ಹೆಸರು, ಕ್ಲಿಯರಿಂಗ್ ಸಂಖ್ಯೆ, ಖಾತೆ ಸಂಖ್ಯೆ. ಇವನ್ನು ಒಂದೊಂದು ಸಾಲಿನಲ್ಲಿ ಬೇರೆ ಬೇರೆಯಾಗಿ ಬರೆದರೆ ಓದುವವರು ಎಲ್ಲಿ ಕತ್ತರಿಸಬೇಕೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬ್ಯಾಂಕಿನ ಹೆಸರು ಕೊಟ್ಟರೆ ಕ್ಲಿಯರಿಂಗ್ ಸಂಖ್ಯೆಯೊಂದಿಗೆ ಅದು ತಾಳೆಯಾಗುತ್ತದೆಯೇ ಎಂದೂ ಅವರಿಗೆ ತಿಳಿಯುತ್ತದೆ.

ಹಣ ಕಟ್ಟುವಾಗ ನೋಡಬೇಕಾದ್ದು ಇಷ್ಟು: ಸಂಖ್ಯೆ ಗಿರೊ ಬಗೆಯದ್ದೋ ಖಾತೆ ಬಗೆಯದ್ದೋ, ತೆರೆಯ ಮೇಲೆ ಹೆಸರು ಕಂಡರೆ ಅದು ಬಿಲ್ಲಿನ ಹೆಸರೇ ಹೌದೋ ಅಲ್ಲವೋ, ಒಸಿಆರ್ ಈ ತಿಂಗಳದ್ದೇ, ಅಲ್ಪವಿರಾಮ ಸರಿಯಾದ ಜಾಗದಲ್ಲಿದೆಯೇ, ಹಣ ಗಡುವಿನೊಳಗೆ ತಲುಪುತ್ತದೆಯೇ. ದೊಡ್ಡ ಮೊತ್ತವನ್ನು ಹೊಸ ಖಾತೆಗೆ ಕಳುಹಿಸುವುದಿದ್ದರೆ ಮೊದಲು ಒಂದು ಕ್ರೋನಾ ಕಳುಹಿಸಿ, ಮುಟ್ಟಿತೇ ಎಂದು ಫೋನಿನಲ್ಲಿ ಕೇಳಿ, ಆಮೇಲೆ ಉಳಿದದ್ದನ್ನು ಕಳುಹಿಸಬಹುದು.

ಹಿಂದೆ ನಮ್ಮ ಹಿರಿಯರು ಮನಿಯಾರ್ಡರ್ ಫಾರಂ ತುಂಬಿದ ಮೇಲೆ ಅಂಚೆಯಣ್ಣನ ಕೈಯಲ್ಲಿ ಕೊಡುವ ಮುಂಚೆ ವಿಳಾಸವನ್ನು ಒಮ್ಮೆ ಗಟ್ಟಿಯಾಗಿ ಓದುತ್ತಿದ್ದರು. ಸ್ವೀಡನ್ನಿನ ಖಾತೆ ಸಂಖ್ಯೆಗೂ ಆ ಅಭ್ಯಾಸವೇ ಸಾಕು. ಒತ್ತುವ ಮುಂಚೆ ಎಡದಿಂದ ಬಲಕ್ಕೆ ಒಮ್ಮೆ ಗಟ್ಟಿಯಾಗಿ ಓದಿದರೆ ಅರ್ಧ ತಪ್ಪುಗಳು ಅಲ್ಲಿಯೇ ಸಿಗುತ್ತವೆ. ಉಳಿದರ್ಧವನ್ನು ಕೊನೆಯ ಅಂಕಿ ನೋಡಿಕೊಳ್ಳುತ್ತದೆ.